ಕಂಡುಹಿಡಿದವರು ಯಾರು?

ಮೂವತ್ತೊಂದು ವರ್ಷ ನಾನು ಪ್ರೌಢಶಾಲೆಯಲ್ಲಿ ಚರಿತ್ರೆಯನ್ನು ಕಲಿಸಿದೆ. ಅಷ್ಟು ವರ್ಷಗಳಲ್ಲಿ ನಾನು ಅತಿ ಹೆಚ್ಚು ಬಳಸಿದ ಕ್ರಿಯಾಪದ ಯಾವುದೆಂದು ಯಾರಾದರೂ ಕೇಳಿದರೆ, ‘ಕಂಡುಹಿಡಿದನು’ ಎಂದೇ ಹೇಳಬೇಕಾದೀತು. ಕೊಲಂಬಸನು ಅಮೆರಿಕವನ್ನು ಕಂಡುಹಿಡಿದನು. ವಾಸ್ಕೊ ಡ ಗಾಮನು ಇಂಡಿಯಕ್ಕೆ ಜಲಮಾರ್ಗವನ್ನು ಕಂಡುಹಿಡಿದನು. ಒಮ್ಮೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, “ಸಾರ್, ಆಫ್ರಿಕದ ಮಲಿಂದಿಯಿಂದ ಕೋಳಿಕೋಡಿಗೆ ಗಾಮನಿಗೆ ದಾರಿ ತೋರಿಸಿದವನು ಅಲ್ಲಿ ಸಿಕ್ಕಿದ ಒಬ್ಬ ನಾವಿಕ ಎಂದು ನೀವೇ ಹೇಳಿದಿರಿ. ಹಾಗಾದರೆ ದಾರಿ ಅವನಿಗೆ ಮೊದಲೇ ಗೊತ್ತಿತ್ತಲ್ಲ?” ಎಂದು ಕೇಳಿದ. ನನಗೆ ಪಾಠ ಮುಗಿಸುವ ಅವಸರ. “ಪರೀಕ್ಷೆಯಲ್ಲಿ ಹಾಗೆ ಬರೆದರೆ ಅಂಕ ಬರುವುದಿಲ್ಲ, ಕುಳಿತುಕೊ” ಎಂದೆ. ತರಗತಿ ನಕ್ಕಿತು. ಹುಡುಗ ಕುಳಿತ. ಆ ಪ್ರಶ್ನೆಯನ್ನು ನಾನು ಮರೆತೂಬಿಟ್ಟೆ. ಅದು ಮತ್ತೆ ನೆನಪಾದದ್ದು 2024ರ ಫೆಬ್ರವರಿಯಲ್ಲಿ, ಮೆಕ್ಸಿಕೊ ದೇಶದ ಒಂದು ಬೆಟ್ಟದ ಮೇಲೆ, ಚಿಟ್ಟೆಗಳ ನಡುವೆ ನಿಂತಿದ್ದಾಗ.

ಮಗಳು ಮೆಕ್ಸಿಕೊ ನಗರದಲ್ಲಿ ಕೆಲಸದಲ್ಲಿದ್ದಾಳೆ. ಅವಳ ಮನೆಗೆ ಹೋಗಿದ್ದಾಗ ಒಂದು ದಿನ, “ಅಪ್ಪ, ನಾಳೆ ಬೆಳಗಿನ ಜಾವ ಹೊರಡೋಣ, ದೊರೆಗಳನ್ನು ನೋಡಿ ಬರೋಣ” ಎಂದಳು. ಯಾವ ದೊರೆಗಳು ಎಂದು ಕೇಳಿದ್ದಕ್ಕೆ ನಕ್ಕಳು. ಇಂಗ್ಲಿಷಿನಲ್ಲಿ ಮೊನಾರ್ಕ್, ಎಂದರೆ ದೊರೆ, ಎಂಬ ಹೆಸರಿನ ಚಿಟ್ಟೆ ಅದು. ಕಿತ್ತಳೆ ಬಣ್ಣದ ರೆಕ್ಕೆ, ಅದರ ಮೇಲೆ ಕಪ್ಪು ಗೆರೆ, ಕಪ್ಪು ಅಂಚಿನಲ್ಲಿ ಬಿಳಿಯ ಚುಕ್ಕೆ. ಕೇಳುಗರಲ್ಲಿ ಯಾರಾದರೂ ನಮ್ಮ ರಸ್ತೆಯ ಬದಿಯ ಎಕ್ಕದ ಗಿಡದ ಸುತ್ತ ನಿಧಾನವಾಗಿ ಸುಳಿದಾಡುವ ಕಿತ್ತಳೆಯ ಚಿಟ್ಟೆಯನ್ನು ಕಂಡಿದ್ದರೆ, ಈ ದೊರೆಯ ಹತ್ತಿರದ ದಾಯಾದಿಯನ್ನೇ ಕಂಡಂತಾಯಿತು. ಎರಡೂ ಒಂದೇ ಕುಲಕ್ಕೆ ಸೇರಿದವು. ನಮ್ಮದು ಎಕ್ಕದ ಎಲೆಯ ಮೇಲೆ ಮೊಟ್ಟೆಯಿಟ್ಟರೆ, ಅದು ಎಕ್ಕದ ಬಳಗದ್ದೇ ಆದ, ಉತ್ತರ ಅಮೆರಿಕದ ಹಾಲುಗಿಡಗಳ ಮೇಲೆ ಇಡುತ್ತದೆ. ಮರಿಹುಳು ಆ ಹಾಲಿನ ವಿಷವನ್ನು ಉಂಡು ಮೈಯಲ್ಲಿ ಉಳಿಸಿಕೊಳ್ಳುತ್ತದೆ. ಚಿಟ್ಟೆಯಾದ ಮೇಲೂ ಆ ವಿಷವೇ ಅದಕ್ಕೆ ಕವಚ. ಒಮ್ಮೆ ತಿಂದ ಹಕ್ಕಿ ವಾಂತಿ ಮಾಡಿಕೊಂಡು, ಮತ್ತೆ ಆ ಬಣ್ಣದ ಕಡೆಗೆ ಸುಳಿಯುವುದಿಲ್ಲ.

ಆದರೆ ಈ ಚಿಟ್ಟೆಯ ನಿಜವಾದ ಕೌತುಕ ಅದರ ಪ್ರಯಾಣ. ಕೆನಡದ ದಕ್ಷಿಣ ಭಾಗದಲ್ಲಿಯೂ ಅಮೆರಿಕ ಸಂಯುಕ್ತ ಸಂಸ್ಥಾನಗಳ ಉತ್ತರದಲ್ಲಿಯೂ ಬೇಸಗೆಯನ್ನು ಕಳೆಯುವ ಈ ಜೀವಿಗಳು ಆಗಸ್ಟ್ ಮುಗಿಯುವ ಹೊತ್ತಿಗೆ ದಕ್ಷಿಣಕ್ಕೆ ಮುಖ ಮಾಡುತ್ತವೆ. ಅರ್ಧ ಗ್ರಾಮು ತೂಗುವ ಮೈ. ಹಾದಿಯೋ ಕೆಲವಕ್ಕೆ ನಾಲ್ಕು ಸಾವಿರ ಕಿಲೋಮೀಟರಿಗೂ ಮಿಕ್ಕದ್ದು. ನವೆಂಬರ್ ಮೊದಲಲ್ಲಿ ಮಧ್ಯ ಮೆಕ್ಸಿಕೊದ ಕೆಲವೇ ಬೆಟ್ಟಗಳನ್ನು ಸೇರಿ, ಮಾರ್ಚಿಯವರೆಗೆ ಅಲ್ಲಿ ಮರಗಳಿಗೆ ಜೋತುಬಿದ್ದು ಚಳಿಗಾಲವನ್ನು ಕಳೆಯುತ್ತವೆ. ಮಾರ್ಚಿಯಲ್ಲಿ ಉತ್ತರಕ್ಕೆ ಹಾರಿದವು ಉತ್ತರ ಮೆಕ್ಸಿಕೊ, ಟೆಕ್ಸಸ್ ಮುಂತಾದ ಕಡೆ ಮೊಟ್ಟೆಯಿಟ್ಟು ಸಾಯುತ್ತವೆ. ಅವುಗಳ ಮಕ್ಕಳು ಇನ್ನಷ್ಟು ಉತ್ತರಕ್ಕೆ. ಮೊಮ್ಮಕ್ಕಳು ಇನ್ನೂ ಮುಂದಕ್ಕೆ. ಬೇಸಗೆಯ ಈ ತಲೆಮಾರುಗಳ ಆಯುಸ್ಸು ಕೆಲವೇ ವಾರ. ಬೇಸಗೆಯ ಕೊನೆಗೆ ಹುಟ್ಟುವ ತಲೆಮಾರು ಮಾತ್ರ ಎಂಟು ತಿಂಗಳವರೆಗೆ ಬದುಕಿ, ತಾನು ಎಂದೂ ಕಾಣದ ಬೆಟ್ಟಕ್ಕೆ ಹಿಂದಿರುಗುತ್ತದೆ. ‘ಹಿಂದಿರುಗುತ್ತದೆ’ ಎನ್ನುವುದೂ ಸರಿಯಲ್ಲ. ಹಿಂದಿನ ವರ್ಷ ಬಂದಿದ್ದುದು ಅದರ ಮುತ್ತಜ್ಜಿ. ಅದು ಸೂರ್ಯನ ನೆಲೆಯನ್ನು ನೋಡಿ ದಿಕ್ಕನ್ನು ಅರಿಯುತ್ತದೆಂದೂ, ಹೊತ್ತಿನೊಡನೆ ಸರಿಯುವ ಸೂರ್ಯನಿಗೆ ಲೆಕ್ಕ ಹೊಂದಿಸಿಕೊಡುವ ಗಡಿಯಾರ ಅದರ ಕುಡಿಮೀಸೆಯಲ್ಲಿದೆಯೆಂದೂ 2009ರಲ್ಲಿ ವಿಜ್ಞಾನಿಗಳು ತೋರಿಸಿದರು.

ಈ ಚಿಟ್ಟೆಗಳು ಚಳಿಗಾಲದಲ್ಲಿ ಎಲ್ಲಿಗೆ ಹೋಗುತ್ತವೆ ಎಂಬುದು ಉತ್ತರದವರಿಗೆ ಬಹು ಕಾಲ ಒಗಟಾಗಿತ್ತು. ರಾಕಿ ಪರ್ವತಗಳ ಪಶ್ಚಿಮದ ಚಿಟ್ಟೆಗಳು ಕ್ಯಾಲಿಫೋರ್ನಿಯದ ಕಡಲ ಕರೆಯನ್ನು ಸೇರುವುದು ತಿಳಿದಿತ್ತು. ಪೂರ್ವದ ಕೋಟ್ಯಂತರ ಚಿಟ್ಟೆಗಳ ಗತಿ ಮಾತ್ರ ತಿಳಿದಿರಲಿಲ್ಲ. ಟೊರಾಂಟೊದ ಪ್ರಾಣಿಶಾಸ್ತ್ರಜ್ಞ ಫ್ರೆಡ್ ಅರ್ಕರ್ಟ್ ಮತ್ತು ಅವರ ಪತ್ನಿ ನೋರಾ ಈ ಒಗಟಿನ ಬೆನ್ನು ಹತ್ತಿ ಸುಮಾರು ನಾಲ್ಕು ದಶಕಗಳನ್ನು ಸವೆಸಿದರು. ಚಿಟ್ಟೆಯ ರೆಕ್ಕೆಗೆ ಗುರುತಿನ ಚೀಟಿಯನ್ನು ಅಂಟಿಸಿ ಹಾರಲು ಬಿಡುವುದು; ಎಲ್ಲಿಯಾದರೂ ಯಾರಿಗಾದರೂ ಅದು ಸಿಕ್ಕಿದರೆ ತಿಳಿಸಲಿ ಎಂದು ಕಾಯುವುದು, ಇದು ಅವರ ವಿಧಾನ. ಮೊದಲ ಚೀಟಿಗಳು ಅಂಚೆಚೀಟಿಯಂತೆ ಅಂಟು ಬಳಿದವು, ಮಳೆಗೆ ಕಳಚಿಬಿದ್ದವು. ಅಂಗಡಿಯ ಸಾಮಾನುಗಳಿಗೆ ಬೆಲೆಯನ್ನು ಅಂಟಿಸುವಂಥ ಚೀಟಿಗಳನ್ನು ಬಳಸಿದ ಮೇಲೆ ಕೆಲಸ ಸಾಗಿತು. 1952ರಿಂದ ಊರೂರಿನ ಸ್ವಯಂಸೇವಕರು ಸೇರಿಕೊಂಡರು. ಶಾಲೆಯ ಮಕ್ಕಳು, ಗೃಹಿಣಿಯರು, ನಿವೃತ್ತರು, ಹೀಗೆ ಸಾವಿರಾರು ಜನ. ಚೀಟಿ ಸಿಕ್ಕಿದ ಸ್ಥಳಗಳನ್ನು ನಕ್ಷೆಯ ಮೇಲೆ ಗುರುತಿಸುತ್ತ ಹೋದಂತೆ ಗೆರೆಗಳು ಟೆಕ್ಸಸ್ಸನ್ನು ದಾಟಿ ಮೆಕ್ಸಿಕೊದ ಕಡೆಗೆ ತಿರುಗಿದವು. ಅಲ್ಲಿಗೆ ನಕ್ಷೆ ಮೌನವಾಯಿತು. ನಾವು ಊರು ಬಿಡುವ ಮುಂಚೆ ನಾನು ಓದಿಕೊಂಡಿದ್ದ ಚರಿತ್ರೆ ಇಷ್ಟು.

ಮೆಕ್ಸಿಕೊ ನಗರದಿಂದ ಪಶ್ಚಿಮಕ್ಕೆ ಸುಮಾರು ನಾಲ್ಕು ಗಂಟೆಯ ಹಾದಿ. ಮಿಚೋಆಕಾನ್ ರಾಜ್ಯದ ಸಿತಾಕ್ವಾರೊ ಪಟ್ಟಣವನ್ನು ದಾಟಿ, ಒಕಾಂಪೊ ಎಂಬ ಊರಿನ ಮೂಲಕ ಬೆಟ್ಟವನ್ನೇರಿದರೆ ಎಲ್ ರೊಸಾರಿಯೊ ಎಂಬ ಹಳ್ಳಿ. ಅಕ್ಷಾಂಶದಲ್ಲಿ ನಮ್ಮ ಬೀದರಿಗಿಂತ ತುಸು ಉತ್ತರ. ಆದರೆ ಎತ್ತರ ಸುಮಾರು ಮೂರು ಸಾವಿರ ಮೀಟರು, ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ಒಂದು ಸಾವಿರ ಮೀಟರು ಹೆಚ್ಚು. ಬೆಳಗಿನ ಚಳಿಗೆ ಬೆರಳು ಮರಗಟ್ಟಿತ್ತು. ಮೆಟ್ಟಿಲುಗಳ ಬುಡದಲ್ಲಿ ಹೆಂಗಸರು ಒಲೆಗಳ ಮುಂದೆ ಕುಳಿತು ನೀಲಿ ಮುಸುಕಿನ ಜೋಳದ ರೊಟ್ಟಿಯನ್ನು ತಟ್ಟುತ್ತಿದ್ದರು. ಆ ಹೊಗೆಯ ವಾಸನೆಗೆ ನಾನು ಯಾವ ಖಂಡದಲ್ಲಿದ್ದೇನೆಂಬುದೇ ಒಂದು ಗಳಿಗೆ ಮರೆತುಹೋಯಿತು.

ದಾರಿ ತೋರಿಸುವವರು ಆ ಹಳ್ಳಿಯವರೇ ಆಗಿರಬೇಕೆಂಬುದು ಅಲ್ಲಿಯ ನಿಯಮ. ನಮಗೆ ಜೊತೆಯಾದವರು ಅರವತ್ತು ದಾಟಿದವರು. ಕೃಶವಾದ ಮೈ, ಅಗಲವಾದ ಟೋಪಿ. ನಾನು ಉಪಾಧ್ಯಾಯನಾಗಿದ್ದೆನೆಂದು ಮಗಳು ಹೇಳಿದೊಡನೆ ನನ್ನನ್ನು ‘ಮಾಯೆಸ್ತ್ರೊ’ ಎಂದು ಕರೆಯತೊಡಗಿದರು. ನನಗೆ ಅದು ‘ಮೇಷ್ಟ್ರು’ ಎಂದೇ ಕೇಳಿಸಿತು. ತಪ್ಪೇನೂ ಅಲ್ಲ, ಎರಡು ಮಾತುಗಳಿಗೂ ಮೂಲ ಒಂದೇ ಲ್ಯಾಟಿನ್ ಪದ. ಹತ್ತು ಹೆಜ್ಜೆಗೊಮ್ಮೆ ಏದುಸಿರು ಬಿಡುತ್ತಿದ್ದ ನನಗಾಗಿ ಅವರು ನಿಲ್ಲುವರು. ನನಗೆ ಸಂಕೋಚವಾಗಬಾರದೆಂದು ಯಾವುದೋ ಮರವನ್ನು ತೋರಿಸುವರು.

ಹಾಗೆ ನಿಂತಿದ್ದಾಗ ಒಮ್ಮೆ, ಮಾತಿಗೆಂದು ಕೇಳಿದೆ: “ಈ ಜಾಗವನ್ನು ಕಂಡುಹಿಡಿದಾಗ ನಿಮಗೆ ಎಷ್ಟು ವಯಸ್ಸು?”

ಮಗಳು ಅದನ್ನು ಸ್ಪ್ಯಾನಿಷಿಗೆ ತಿರುಗಿಸಿದಳು. ಅವರು ಅರ್ಥವಾಗದವರಂತೆ ನನ್ನನ್ನು ನೋಡಿದರು. ಆಮೇಲೆ ಬಹಳ ಮರ್ಯಾದೆಯಿಂದ ಹೇಳಿದರು: “ಮಾಯೆಸ್ತ್ರೊ, ಈ ಜಾಗವನ್ನು ನಾವು ಕಳೆದುಕೊಂಡೇ ಇರಲಿಲ್ಲವಲ್ಲ.”

ನಾನು ಸುಮ್ಮನಾದೆ. ಹಿಂದಿನ ಬೆಂಚಿನ ಹುಡುಗ ಎದ್ದು ನಿಂತಂತಾಯಿತು.

ಮೇಲೆ ಹತ್ತುತ್ತ ಅವರು ತಮ್ಮ ಬಾಲ್ಯದ ಮಾತನ್ನು ಹೇಳಿದರು. ತಂದೆ ಸೌದೆಗೆ ಹೋದಾಗ ಜೊತೆಯಲ್ಲಿ ಹೋಗುತ್ತಿದ್ದುದು, ಮರಗಳ ಮೇಲೆ ಚಿಟ್ಟೆ ಕವಿದು ಕೊಂಬೆ ಬಾಗುತ್ತಿದ್ದುದು, ಅವು ನೀರಿಗೆ ಇಳಿದು ಬಂದರೆ ಚಳಿಗಾಲ ಮುಗಿಯುತ್ತ ಬಂತೆಂದು ಮನೆಯಲ್ಲಿ ಮಾತಾಡಿಕೊಳ್ಳುತ್ತಿದ್ದುದು. ಆ ಸೀಮೆಯ ಮೂಲನಿವಾಸಿಗಳಾದ ಮಸಾವ ಮತ್ತು ಪುರೆಪೆಚ ಜನರಲ್ಲಿ ಒಂದು ನಂಬಿಕೆಯಿದೆ. ಮೆಕ್ಸಿಕೊದಲ್ಲಿ ನವೆಂಬರ್ 1 ಮತ್ತು 2 ಗತಿಸಿದವರನ್ನು ಮನೆಗೆ ಬರಮಾಡಿಕೊಳ್ಳುವ ಹಬ್ಬ. ಚಿಟ್ಟೆಗಳು ಬೆಟ್ಟಕ್ಕೆ ಬರುವುದೂ ಸರಿಯಾಗಿ ಆ ದಿನಗಳಲ್ಲೇ. ಆದ್ದರಿಂದ ಬರುತ್ತಿರುವವರು ಹಿರಿಯರೇ ಎಂದು ಅವರು ಭಾವಿಸುತ್ತಾರೆ. ಪಿಂಡವನ್ನಿಟ್ಟು ಕಾಗೆಯ ಹಾದಿಯನ್ನು ಕಾಯುವ ನಮಗೆ ಇದು ವಿಚಿತ್ರವಾಗಿ ಕಾಣಬೇಕಾಗಿಲ್ಲ.

ಬರೆದಿಟ್ಟ ಸಾಕ್ಷಿ ಬೇಕೆನ್ನುವವರಿಗೆ ಒಬ್ಬ ಕವಿ ಇದ್ದಾರೆ. ಮೆಕ್ಸಿಕೊದ ದೊಡ್ಡ ಲೇಖಕರಲ್ಲಿ ಒಬ್ಬರಾದ ಒಮೆರೊ ಅರಿದ್ಜಿಸ್ ಹುಟ್ಟಿದ್ದು 1940ರಲ್ಲಿ, ಇದೇ ಮಿಚೋಆಕಾನಿನ ಕೊಂತೆಪೆಕ್ ಎಂಬ ಊರಿನಲ್ಲಿ. ತಂದೆ ಗ್ರೀಕರು, ಮಗನಿಗೆ ಇಟ್ಟದ್ದು ಹೋಮರನ ಹೆಸರು. ಊರಿನ ಪಕ್ಕದ ಅಲ್ತಾಮಿರಾನೊ ಬೆಟ್ಟದ ಮೇಲೆ ಪ್ರತಿ ಚಳಿಗಾಲವೂ ಸೇರುತ್ತಿದ್ದ ಚಿಟ್ಟೆಗಳನ್ನು ನೋಡುತ್ತ ಅವರು ಬೆಳೆದರು. ಮುಂದೆ ತಮ್ಮ ಬರಹಗಳಲ್ಲಿ ಮತ್ತೆ ಮತ್ತೆ ಅದನ್ನು ನೆನೆದರು. ಟೊರಾಂಟೊದಲ್ಲಿ ದಂಪತಿಗಳಿಬ್ಬರು ನಕ್ಷೆಯ ಮುಂದೆ ಕುಳಿತು ತಲೆ ಕೆಡಿಸಿಕೊಳ್ಳುತ್ತಿದ್ದಾಗ, ಅದರ ಉತ್ತರ ಈ ಊರಿನ ಮಕ್ಕಳ ಆಟದ ಬಯಲಾಗಿತ್ತು.

ಹಾಗೆಂದು ಬೆಟ್ಟದವರಿಗೆ ಎಲ್ಲವೂ ತಿಳಿದಿತ್ತೆಂದು ಹೇಳಿದರೆ ಅದೂ ನಿಜವಲ್ಲ. “ಮಾರ್ಚಿಯಲ್ಲಿ ಇವು ಎಲ್ಲಿಗೆ ಹೋಗುತ್ತಿದ್ದವು ಎಂದುಕೊಂಡಿದ್ದಿರಿ?” ಎಂದು ನಾನು ಕೇಳಿದಾಗ ನಮ್ಮ ಮಾರ್ಗದರ್ಶಿ ಕೈಯನ್ನು ಉತ್ತರದ ಆಕಾಶದ ಕಡೆ ಬೀಸಿ, “ಹೋಗುತ್ತಿದ್ದವು, ಅಷ್ಟೆ” ಎಂದರು. ಉತ್ತರದವರಿಗೆ ಹೊರಡುವುದು ಗೊತ್ತಿತ್ತು, ಸೇರುವುದು ಗೊತ್ತಿರಲಿಲ್ಲ. ಬೆಟ್ಟದವರಿಗೆ ಬರುವುದು ಗೊತ್ತಿತ್ತು, ಎಲ್ಲಿಂದ ಎಂಬುದು ಗೊತ್ತಿರಲಿಲ್ಲ. ಒಂದೇ ಕಥೆಯ ಎರಡು ಭಾಗ ಎರಡು ಭಾಷೆಗಳಲ್ಲಿ ಬಿದ್ದುಕೊಂಡಿದ್ದವು.

ಅಷ್ಟರಲ್ಲಿ ನಾವು ಓಯಮೆಲ್ ಮರಗಳ ಕಾಡನ್ನು ಸೇರಿದ್ದೆವು. ದೇವದಾರುವಿನ ಬಳಗದ ನೇರವಾದ ಮರ. ಹಬ್ಬಗಳಲ್ಲಿ ಇದರ ಕೊಂಬೆಗಳಿಂದ ಇಗರ್ಜಿಯನ್ನು ಅಲಂಕರಿಸುವರಾಗಿ ಸಸ್ಯಶಾಸ್ತ್ರದ ಹೆಸರಿನಲ್ಲಿಯೇ ‘ರಿಲಿಜಿಯೋಸ’ ಎಂಬ ವಿಶೇಷಣವಿದೆ. ಮಾತನಾಡಬಾರದೆಂದು ಮಾರ್ಗದರ್ಶಿ ತುಟಿಯ ಮೇಲೆ ಬೆರಳಿಟ್ಟರು. ನನಗೆ ಮೊದಲು ಚಿಟ್ಟೆ ಕಾಣಿಸಲಿಲ್ಲ. ಮರಗಳಿಗೆ ಒಣಗಿದ ತರಗೆಲೆಯ ದೊಡ್ಡ ದೊಡ್ಡ ಗೊಂಚಲುಗಳು ಜೋತುಬಿದ್ದಂತೆ ಕಂಡಿತು. ಕಾಂಡಕ್ಕೆ ತುಕ್ಕು ಹಿಡಿದಂತೆ ಕಂಡಿತು. ಮೋಡ ಸರಿದು ಬಿಸಿಲು ಬಿತ್ತು. ತರಗೆಲೆಗಳು ಒಂದೊಂದಾಗಿ ತೆರೆದುಕೊಂಡವು. ತೆರೆದರೆ ಎಲ್ಲವೂ ಕಿತ್ತಳೆ. ಒಂದು ಗೊಂಚಲು ಸಡಿಲಿತು, ಇನ್ನೊಂದು ಸಡಿಲಿತು, ಕಾಡಿನ ಆ ತುಂಡು ಆಕಾಶವೆಲ್ಲ ಅಲುಗಾಡುವ ಚಿಟ್ಟೆಯಾಯಿತು. ಆಗ ಒಂದು ಸದ್ದು ಕೇಳಿಸಿತು. ದೂರದಲ್ಲಿ ಮಳೆ ಬರುತ್ತಿರುವ ಸದ್ದು. ಆಕಾಶವನ್ನು ನೋಡಿದೆ, ಮಳೆಯಿಲ್ಲ. ಅದು ರೆಕ್ಕೆಗಳ ಸದ್ದು. ಚಿಟ್ಟೆಗೆ ಸದ್ದಿದೆಯೆಂದು ನನಗೆ ಎಪ್ಪತ್ತು ವರ್ಷ ತಿಳಿದಿರಲಿಲ್ಲ.

ಎರಡು ಭಾಗಗಳು ಕೂಡಿದ್ದು ಹೇಗೆಂಬುದನ್ನು ಈಗ ಹೇಳಬಹುದು. 1972ರಲ್ಲಿ ನೋರಾ ಅರ್ಕರ್ಟ್ ಮೆಕ್ಸಿಕೊದ ಪತ್ರಿಕೆಗಳಿಗೆ ಬರೆದು ನೆರವನ್ನು ಕೋರಿದರು. ಮೆಕ್ಸಿಕೊ ನಗರದಲ್ಲಿದ್ದ ಕೆನ್ ಬ್ರಗರ್ ಎಂಬ ಅಮೆರಿಕನ್ 1973ರಲ್ಲಿ ಅದಕ್ಕೆ ಉತ್ತರಿಸಿದರು. ಅವರೊಡನೆ ಬೆಟ್ಟಗಳನ್ನು ಅಲೆದವರು ಕಾತಲೀನ ಅಗ್ವಾದೊ, ಮಿಚೋಆಕಾನಿನಲ್ಲೇ ಹುಟ್ಟಿದ ತರುಣಿ, ಮುಂದೆ ಅವರ ಪತ್ನಿ. ಬ್ರಗರರಿಗೆ ಬಣ್ಣಗುರುಡು, ಕಿತ್ತಳೆಯನ್ನು ಕಾಣುವ ಕಣ್ಣು ಆಕೆಯದು, ಹಳ್ಳಿಯವರೊಡನೆ ಆಡುವ ಭಾಷೆಯೂ ಆಕೆಯದು. ಕತ್ತೆಗಳ ಮೇಲೆ ಮರದ ತುಂಡುಗಳನ್ನು ಹೇರಿಕೊಂಡು ಬರುತ್ತಿದ್ದ ಸೌದೆಯವರು ಸುಳಿವನ್ನು ಕೊಟ್ಟರು. 1975ರ ಜನವರಿ 2ರಂದು ಸೆರ್ರೊ ಪೆಲೋನ್ ಎಂಬ ಬೆಟ್ಟದ ಮೇಲೆ, ನಮ್ಮ ಮಾತಿನಲ್ಲಿ ಬೋಳುಬೆಟ್ಟದ ಮೇಲೆ, ಇಬ್ಬರೂ ಆ ಕಿತ್ತಳೆಯ ಕಾಡನ್ನು ಕಂಡರು. ಒಂದು ವಾರದ ಮೇಲೆ ಸುದ್ದಿ ದೂರವಾಣಿಯಲ್ಲಿ ಟೊರಾಂಟೊ ತಲುಪಿತು.

1976ರ ಜನವರಿಯಲ್ಲಿ ಅರವತ್ತನಾಲ್ಕರ ಅರ್ಕರ್ಟ್ ತಾವೇ ಬೆಟ್ಟವನ್ನು ಹತ್ತಿದರು. ಚಿಟ್ಟೆಗಳ ಭಾರಕ್ಕೆ ಒಂದು ಕೊಂಬೆ ಮುರಿದು ಅವರ ಹತ್ತಿರ ಬಿತ್ತು. ಅದರಲ್ಲಿ ಚೀಟಿ ಅಂಟಿಸಿದ್ದ ಒಂದು ಚಿಟ್ಟೆ. ಹಿಂದಿನ ಆಗಸ್ಟಿನಲ್ಲಿ, ಸುಮಾರು 2,800 ಕಿಲೋಮೀಟರಿನ ಆಚೆ, ಅಮೆರಿಕದ ಮಿನೆಸೋಟ ರಾಜ್ಯದ ಚಾಸ್ಕ ಎಂಬ ಊರಿನಲ್ಲಿ ಒಬ್ಬ ಉಪಾಧ್ಯಾಯರೂ ಇಬ್ಬರು ಹುಡುಗರೂ ಅಂಟಿಸಿದ್ದ ಚೀಟಿ ಅದು. ಬೆಟ್ಟದ ಚಿಟ್ಟೆಯೂ ಉತ್ತರದ ಚಿಟ್ಟೆಯೂ ಒಂದೇ ಎಂಬುದು ಅಂದು ಸಾಬೀತಾಯಿತು. ಬೆಟ್ಟವನ್ನು ಯಾರೂ ಕಂಡುಹಿಡಿಯಬೇಕಾಗಿರಲಿಲ್ಲ. ಕಂಡುಹಿಡಿದದ್ದು ಈ ನಂಟನ್ನು. ಅದು ನಿಜವಾದ ಶೋಧ, ದೊಡ್ಡ ಶೋಧ. ಚೀಟಿಯಿಲ್ಲದಿದ್ದರೆ ಅದು ಆಗುತ್ತಿರಲಿಲ್ಲ, ಸೌದೆಯವರಿಲ್ಲದಿದ್ದರೂ ಆಗುತ್ತಿರಲಿಲ್ಲ. 1976ರ ಆಗಸ್ಟಿನಲ್ಲಿ ‘ನ್ಯಾಷನಲ್ ಜಿಯಾಗ್ರಫಿಕ್’ ಪತ್ರಿಕೆ ಲೋಕಕ್ಕೆ ಇದನ್ನು ಸಾರಿತು. ಮುಖಪುಟದಲ್ಲಿ ಮೈತುಂಬ ಚಿಟ್ಟೆ ಹೊತ್ತು ನಿಂತವರು ಕಾತಲೀನ. ಚಿತ್ರ ಲೋಕಪ್ರಸಿದ್ಧವಾದರೂ ಆಕೆಯ ಹೆಸರಿಗೆ ಸಲ್ಲಬೇಕಾದ ಮಾನ ಸಲ್ಲಲು ಮುಂದೆ ಹಲವು ದಶಕಗಳು ಬೇಕಾದವು.

ತಿಳಿವಳಿಕೆಯ ಹಿಂದೆಯೇ ಒಡೆತನದ ಪ್ರಶ್ನೆಯೂ ಬಂತು. ಅರ್ಕರ್ಟ್ ಆ ಸ್ಥಳವನ್ನು ಗುಟ್ಟಾಗಿಟ್ಟರು. ಇನ್ನೊಬ್ಬ ವಿಜ್ಞಾನಿ ಲಿಂಕನ್ ಬ್ರವರ್ ಕೇಳಿದರೂ ಹೇಳಲಿಲ್ಲ. ಬ್ರವರರ ಜೊತೆಗಾರ ವಿಲಿಯಂ ಕಾಲ್ವರ್ಟ್ ಮರುವರ್ಷದ ಚಳಿಗಾಲದಲ್ಲಿ ಸುಳಿವುಗಳನ್ನು ಹಿಡಿದು ಬೆಟ್ಟಕ್ಕೆ ಬಂದರು. ವಿದ್ವಾಂಸರ ಮನಸ್ತಾಪ ಬಹಳ ಕಾಲ ಉಳಿಯಿತು. ಆದರೆ ಈ ಜಗಳದಲ್ಲಿ ಯಾರೂ ನೆನೆಯದ ಮಾತೊಂದಿತ್ತು: ಆ ಬೆಟ್ಟಗಳಿಗೆ ಒಡೆಯರಿದ್ದರು. 1910ರ ಮಹಾಕ್ರಾಂತಿಯ ತರುವಾಯ ಮೆಕ್ಸಿಕೊದಲ್ಲಿ ಜಮೀನುದಾರರ ಭೂಮಿಯನ್ನು ಹಳ್ಳಿಗಳಿಗೆ ಸಾಮೂಹಿಕವಾಗಿ ಹಂಚಿಕೊಟ್ಟರು. ಅಂಥ ಹಳ್ಳಿಯ ಸಾಮೂಹಿಕ ಭೂಮಿಗೆ ಎಹೀದೊ ಎಂದು ಹೆಸರು. ಎಲ್ ರೊಸಾರಿಯೊ ಅಂಥದೊಂದು. ಕಾಡಿನ ಮರವೇ ಅವರ ಅನ್ನ.

1980ರಲ್ಲಿ ಸರ್ಕಾರ ಚಿಟ್ಟೆಯ ನೆಲೆಗಳಿಗೆ ರಕ್ಷಣೆಯನ್ನು ಘೋಷಿಸಿತು. 1986ರಲ್ಲಿ 16,110 ಹೆಕ್ಟೇರುಗಳನ್ನು ಗುರುತಿಸಿ, ಅದರ ಒಳವಲಯದಲ್ಲಿ ಮರ ಕಡಿಯುವುದನ್ನು ನಿಷೇಧಿಸಿತು. ಇದಕ್ಕಾಗಿ ಬಹಳ ದುಡಿದವರಲ್ಲಿ ಕವಿ ಅರಿದ್ಜಿಸರೂ ಒಬ್ಬರು. 1985ರಲ್ಲಿ ಅವರು ಲೇಖಕರನ್ನೂ ಕಲಾವಿದರನ್ನೂ ಕೂಡಿಸಿ ‘ನೂರರ ಬಳಗ’ವನ್ನು ಕಟ್ಟಿದ್ದರು. ಉದ್ದೇಶ ಒಳ್ಳೆಯದೇ. ಆದರೆ ಕಾಗದದ ಮೇಲೆ ಗೆರೆ ಎಳೆದಾಗ ಹಳ್ಳಿಯವರನ್ನು ಸರಿಯಾಗಿ ಕೇಳಿರಲಿಲ್ಲ. ಕಳೆದುಕೊಂಡ ಮರಕ್ಕೆ ಆಗ ಪರಿಹಾರವೂ ಇರಲಿಲ್ಲ. “ಒಂದು ದಿನ ಬೆಳಗಾಗುವುದರೊಳಗೆ ನಮ್ಮಪ್ಪ ತನ್ನ ಕಾಡಿನಲ್ಲೇ ಕಳ್ಳನಾದ” ಎಂದರು ನಮ್ಮ ಮಾರ್ಗದರ್ಶಿ. ಸಿಟ್ಟಿನಿಂದ ಹೇಳಲಿಲ್ಲ, ಹವೆಯ ಸುದ್ದಿಯನ್ನು ಹೇಳುವಂತೆ ಹೇಳಿದರು. ಹಸಿವಿನಿಂದ ಕೆಲವರು ಕಡಿದರು, ಲಾಭಕ್ಕಾಗಿ ಬೇರೆ ಕೆಲವರು ಕಡಿದರು. 2000ದಲ್ಲಿ ಸಂರಕ್ಷಿತ ಪ್ರದೇಶವನ್ನು 56,259 ಹೆಕ್ಟೇರುಗಳಿಗೆ ಹಿಗ್ಗಿಸಿದಾಗ, ಕಡಿಯದೆ ಉಳಿಸಿದ್ದಕ್ಕೆ ಹಳ್ಳಿಗಳಿಗೆ ಹಣ ಕೊಡುವ ಒಂದು ನಿಧಿ ಏರ್ಪಟ್ಟಿತು. 2008ರಲ್ಲಿ ಯುನೆಸ್ಕೊ ಇದನ್ನು ವಿಶ್ವಪರಂಪರೆಯ ತಾಣವೆಂದು ಸಾರಿತು.

ಈ ಕಥೆಯಲ್ಲಿ ಇನ್ನೊಬ್ಬ ಒಮೆರೊ ಇದ್ದಾರೆ. ಒಮೆರೊ ಗೋಮೆಸ್ ಗೊನ್ಸಾಲೆಸ್ ಎಲ್ ರೊಸಾರಿಯೊದವರು. ಮರ ಕಡಿಯುವ ಮನೆತನದಲ್ಲಿ ಹುಟ್ಟಿ, ತಾವೂ ಕಡಿದವರು. ಕಾಡು ಹೋದರೆ ಚಿಟ್ಟೆಯೂ ಹೋಗುವುದು, ಊರೂ ಹೋಗುವುದು ಎಂದು ಮನಗಂಡು ಕೊಡಲಿಯನ್ನಿಟ್ಟು, ಇದೇ ತಾಣದ ಮುಖ್ಯಸ್ಥರಾಗಿ ಗಿಡಗಳನ್ನು ನೆಡಿಸಿದರು, ಕಳ್ಳಗಡಿತದ ವಿರುದ್ಧ ಊರವರನ್ನು ಕೂಡಿಸಿದರು. 2020ರ ಜನವರಿ 13ರಂದು ಅವರು ಕಾಣೆಯಾದರು. 29ರಂದು ಅವರ ದೇಹ ಒಂದು ನೀರಿನ ಗುಂಡಿಯಲ್ಲಿ ಸಿಕ್ಕಿತು, ತಲೆಗೆ ಪೆಟ್ಟಾಗಿತ್ತು. ಅವರ ಹೆಸರು ಬಂದಾಗ ನಮ್ಮ ಮಾರ್ಗದರ್ಶಿ ಟೋಪಿಯನ್ನು ತೆಗೆದರು. ನಾನು ಇನ್ನೇನನ್ನೂ ಕೇಳಲಿಲ್ಲ.

ಬೆಟ್ಟದ ಮೇಲಿನ ಚಿಟ್ಟೆಯನ್ನು ಎಣಿಸಲಾಗದು. ಅವು ಕವಿದಿರುವ ಕಾಡಿನ ವಿಸ್ತಾರವನ್ನು ಅಳೆಯುತ್ತಾರೆ. 1996–97ರ ಚಳಿಗಾಲದಲ್ಲಿ ಅದು ಸುಮಾರು 18 ಹೆಕ್ಟೇರು. 2013–14ರಲ್ಲಿ 0.67. ನಾನು ಹೋಗಿದ್ದ 2023–24ರಲ್ಲಿ 0.9. ನನ್ನ ಕಣ್ಣಿಗೆ ಆಕಾಶವನ್ನೇ ತುಂಬಿದಂತೆ ಕಂಡದ್ದು ಹಳೆಯ ವೈಭವದ ಇಪ್ಪತ್ತನೆಯ ಒಂದು ಪಾಲು ಮಾತ್ರ. ಮರುವರ್ಷ 1.79ಕ್ಕೆ ಏರಿತೆಂದು ಓದಿ ಸಮಾಧಾನಪಟ್ಟೆ. ಕಾಡಿನ ಚಾವಣಿ ತೆಳುವಾದರೆ ಚಿಟ್ಟೆಗೆ ಕೊಡೆಯೂ ಇಲ್ಲ, ಕಂಬಳಿಯೂ ಇಲ್ಲ. 2002ರ ಜನವರಿಯಲ್ಲಿ ಮಳೆಯೂ ಹೆಪ್ಪುಗಟ್ಟುವ ಚಳಿಯೂ ಒಟ್ಟಿಗೆ ಬಂದಾಗ ದೊಡ್ಡ ನೆಲೆಗಳಲ್ಲಿ ಮುಕ್ಕಾಲು ಪಾಲಿನಷ್ಟು ಸತ್ತುಬಿದ್ದವು. ಆದರೆ ಅಪರಾಧ ಕೊಡಲಿಯದೊಂದೇ ಅಲ್ಲ. ಕಳೆನಾಶಕವನ್ನು ತಾಳಿಕೊಳ್ಳುವ ಸೋಯಾ ಮತ್ತು ಮುಸುಕಿನ ಜೋಳದ ತಳಿಗಳು 1990ರ ದಶಕದಲ್ಲಿ ಅಮೆರಿಕದ ಹೊಲಗಳಿಗೆ ಬಂದವು. ಅಲ್ಲಿಂದ ಮುಂದೆ ಸಾಲುಗಳ ನಡುವೆ ಬೆಳೆಯುತ್ತಿದ್ದ ಹಾಲುಗಿಡ ಅಳಿಯುತ್ತ ಬಂತು. ಬಡ ಹಳ್ಳಿಯವನು ಮರವನ್ನು ಕಡಿದದ್ದು ಎಲ್ಲರ ಕಣ್ಣಿಗೆ ಬಿತ್ತು. ಶ್ರೀಮಂತ ಹೊಲದಲ್ಲಿ ಕಳೆ ಸತ್ತದ್ದು ಬಹುಕಾಲ ಯಾರ ಕಣ್ಣಿಗೂ ಬೀಳಲಿಲ್ಲ. ತಿಳಿವಳಿಕೆಯಂತೆಯೇ ಹೊಣೆಯೂ ಎರಡು ಭಾಗವಾಗಿದೆ. ಒಂದು ಭಾಗ ಬೆಟ್ಟದಲ್ಲಿ, ಇನ್ನೊಂದು ಬಯಲಿನಲ್ಲಿ. ಎರಡರಲ್ಲಿ ಒಂದು ತಪ್ಪಿದರೂ ಚಿಟ್ಟೆ ಉಳಿಯದು.

ಇಳಿಯುವಾಗ ಕಾಲುಹಾದಿಯ ಮೇಲೆ ಅಲ್ಲಲ್ಲಿ ಬಿಡಿ ರೆಕ್ಕೆಗಳು ಬಿದ್ದಿದ್ದವು. ವಿಷಕ್ಕೆ ಅಂಜದೆ ತಿನ್ನಲು ಕಲಿತ ಹಕ್ಕಿಗಳೂ ಆ ಕಾಡಿನಲ್ಲಿವೆ. ಒಂದನ್ನು ಎತ್ತಿಕೊಳ್ಳಲು ಬಗ್ಗಿದೆ. ಮಾರ್ಗದರ್ಶಿ ಬೇಡವೆಂದು ತಲೆಯಾಡಿಸಿದರು. ಅಲ್ಲಿಂದ ಏನನ್ನೂ ಒಯ್ಯಬಾರದು. ಮೆಟ್ಟಿಲ ಬುಡದಲ್ಲಿ ಬೀಳ್ಕೊಳ್ಳುವಾಗ ನನ್ನ ಪ್ರಶ್ನೆಗಾಗಿ ಕ್ಷಮಿಸಬೇಕೆಂದು ಮಗಳಿಂದ ಹೇಳಿಸಿದೆ. ಅವರು ನಕ್ಕು, “ಎಲ್ಲ ಮೇಷ್ಟ್ರುಗಳೂ ಹಾಗೇ ಕೇಳುತ್ತಾರೆ” ಎಂದರು.

ಆ ಹಿಂದಿನ ಬೆಂಚಿನ ಹುಡುಗ ಈಗ ಎಲ್ಲಿದ್ದಾನೋ ತಿಳಿಯದು. ಅವನಿಗೂ ಐವತ್ತು ದಾಟಿರಬೇಕು. ಈ ಮಾತುಗಳು ಅವನ ಕಿವಿಗೆ ಬಿದ್ದರೆ ಅವನಿಗೆ ಹೇಳಬೇಕಾದದ್ದು ಇಷ್ಟೆ: ನೀನು ಕೇಳಿದ್ದು ಸರಿ, ನಾನು ನಿನ್ನನ್ನು ಕೂರಿಸಿದ್ದು ತಪ್ಪು. ಗಾಮನು ಬಂದನು, ದಾರಿಯನ್ನು ಬಲ್ಲವನೊಬ್ಬ ಅವನನ್ನು ಕರೆತಂದನು. ಎರಡು ವಾಕ್ಯಗಳನ್ನೂ ಬರೆಯಬೇಕು. ಅದಕ್ಕೆ ಪೂರ್ತಿ ಅಂಕ ಕೊಡುತ್ತೇನೆ.